ನಾ ಎಲ್ಲಿತನಕ ಇದ್ದೆ?

ನನ್ನ ತಂಗಿ ನೀಲವ್ವ ಮಾತಿನ ನಡುವೆಯೇ ನಿಂತುಬಿಡುತ್ತಿದ್ದಳು. ಬಾಯಿ ಅರ್ಧ ತೆರೆದು, ಕಣ್ಣು ಎಲ್ಲೋ ನೆಟ್ಟು, ನಾಲ್ಕು ಉಸಿರಿನಷ್ಟು ಹೊತ್ತು. ಆಮೇಲೆ ರೆಪ್ಪೆ ಬಡಿದು ಕೇಳುತ್ತಿದ್ದಳು: "ಅಕ್ಕಾ, ನಾ ಎಲ್ಲಿತನಕ ಇದ್ದೆ?"

"ಏಳಾರಲೆ ತನಕ," ಅನ್ನುತ್ತಿದ್ದೆ. ಅಲ್ಲಿಂದಲೇ ಮಗ್ಗಿ ಹಿಡಿದು ಮುಂದೆ ಹೋಗುತ್ತಿದ್ದಳು.

ದೊಡ್ಡ ಮೂರ್ಛೆ ತಿಂಗಳಿಗೊಮ್ಮೆ ಬರುತ್ತಿತ್ತು. ಅವ್ವ ಅವಳ ಮುಷ್ಟಿಯಲ್ಲಿ ಕಬ್ಬಿಣದ ಬೀಗದ ಕೈ ಇಟ್ಟು ಶಿವನಾಮ ಹೇಳುತ್ತ ಕೂಡುತ್ತಿದ್ದಳು. ಮರುದಿನ ನೋಡಿದರೆ ಕಲಿತ ಅಕ್ಷರಗಳು ಒರೆಸಿದ ಪಾಟಿಯಂತೆ ಮಾಯ. ನೀಲವ್ವ ಬೇಸರಿಸದೆ ಮತ್ತೆ 'ನ'ದಿಂದ ತಿದ್ದುತ್ತಿದ್ದಳು. ತನ್ನ ಹೆಸರು ತಾನೇ ಬರೆಯಬೇಕು, ಅದೊಂದೇ ಹಟ.

ನಿಜಾಮರ ಕಾಲದ ಯಲಬುರ್ಗಿ ಸಾಲೆ. ಹೆಸರು ಕೂಗಿದರೆ "ಹಾಜರ್" ಅನ್ನಬೇಕು. ಆ ಹೊತ್ತಿಗೇ ಅವಳ ಕಣ್ಣು ನೆಟ್ಟರೆ ಮಾಸ್ತರರು ಗೈರುಹಾಜರಿ ಬರೆಯುತ್ತಿದ್ದರು. ಇಲ್ಲೇ ಕೂತಿದ್ದಾಳಲ್ಲ ಎಂದೆ ಒಮ್ಮೆ.

"ಗೋಣಿಚೀಲನೂ ಕುಂತಿರತೈತಿ. ಅದಕ್ಕೂ ಹಾಜರಿ ಹಾಕ್ಲೇನು?"

ಹುಡುಗಿಯರೆಲ್ಲ ನಕ್ಕರು. ನಾನೂ ನಕ್ಕೆ. ದೇವರು ಅದನ್ನು ಮರೆತಿರಲಿಕ್ಕಿಲ್ಲ.

ಮರುದಿನದಿಂದ ಅವಳ ಪಾಲಿನ ಹಾಜರನ್ನೂ ನಾನೇ ಹೇಳತೊಡಗಿದೆ, ವಾರದಲ್ಲಿ ಸಿಕ್ಕಿಬಿದ್ದೆ. ಮಾಸ್ತರರು ಅಪ್ಪನನ್ನು ಕರೆಸಿ, ತಲೆಗೆ ಹತ್ತದವಳಿಗೆ ಸಾಲೆ ಯಾಕೆಂದು ಹೆಸರು ಹೊಡೆದುಹಾಕಿದರು. ಅಪ್ಪ ವಾದಿಸಲೇ ಇಲ್ಲ.

"ಆತು ಬಿಡ್ರಿ, ಕುಳ್ಳು ತಟ್ಟಾಕ ಅಕ್ಷರ ಯಾಕ ಬೇಕು?"

ಆಗ ಅವಳು 'ನೀಲ' ತನಕ ಬರೆಯುತ್ತಿದ್ದಳು. ವ, ಅದರ ಒತ್ತು ಬಾಕಿ ಇತ್ತು. ಮನೆಯಲ್ಲಿ ಬೂದಿ ಹರಡಿ ನಾನು ತಿದ್ದಿಸಿದೆ. ಅಷ್ಟರಲ್ಲಿ ನನ್ನ ಮದುವೆಯಾಗಿ ಕುಷ್ಟಗಿಗೆ ಕೊಟ್ಟರು.

ಮೊದಲ ಸಲ ತವರಿಗೆ ಬಂದು ತಿರುಗಿ ಹೊರಟ ದಿನ, ನೀಲವ್ವ ಗಾಡಿಯ ಗೂಟ ಹಿಡಿದು ನಿಂತಿದ್ದಳು.

"ಅಕ್ಕಾ, ಪಂಚಮಿಗೆ ಬರುವಾಗ ನನಗ..."

ಕಣ್ಣು ನೆಟ್ಟವು. ನಾಲ್ಕು ಉಸಿರು ತಡೆದರೆ ಸಾಕಿತ್ತು. ರಾಹುಕಾಲ ಬಂತೆಂದು ಮಾವನವರು ಅವಸರ ಮಾಡಿದರು. ಹೊಸ ಸೊಸೆ ನಾನು; ಅವಳ ಬೆರಳು ಬಿಡಿಸಿ ಗಾಡಿ ಹತ್ತಿದೆ.

ಪಂಚಮಿಗೆ ಮೊದಲೇ ಸುದ್ದಿ ಬಂತು. ಎತ್ತು ನೀರು ಕುಡಿಯುವ ಬಾನಿಯ ಹತ್ತಿರ ಮೂರ್ಛೆ ಬಂದು, ಮುಖ ನೀರಿನಲ್ಲಿ ಬಿದ್ದು ಉಸಿರು ನಿಂತಿತ್ತು. ಉರಿಯುವ ಒಲೆಗೆ ಬೀಳಲಿಲ್ಲ, ಶಿವ ಅಷ್ಟಾದರೂ ನೋಡಿಕೊಂಡ ಎಂದಳು ಅವ್ವ. ನಾನೂ ಇಷ್ಟು ವರ್ಷ ಹಾಗೆಯೇ ಎಣಿಸಿಕೊಂಡು ಬಂದಿದ್ದೇನೆ.

ಆದರೆ ಗಾಡಿ ತಿರುವು ದಾಟಿದ ಮೇಲೆ ಅವಳು ರೆಪ್ಪೆ ಬಡಿದು ಕೇಳಿರಬೇಕು. 'ನನಗ' ತನಕ ಇದ್ದಿ ಎಂದು ಹೇಳುವವರು ಅಂಗಳದಲ್ಲಿ ಯಾರೂ ಇರಲಿಲ್ಲ.