ಕೋವಿ ಕ್ಲಾಸಿನಲ್ಲಿ ಫೇಲಾದದ್ದು

ಬೇಟೆಗಾರರ ಸುರಕ್ಷತಾ ತರಬೇತಿಯಲ್ಲಿ ನಾನು ಫೇಲಾದದ್ದು ಬಾಯಿ ಹೆಚ್ಚಾಗಿ ಎಂಬುದು ಕತಾರಿನ ಅಲ್ ವಕ್ರಾದ ನಮ್ಮ ಫ್ಲಾಟಿಗೆ ಶುಕ್ರವಾರದ ಊಟಕ್ಕೆ ಬರುವವರೆಲ್ಲ ಒಪ್ಪಿಕೊಂಡಿರುವ ಸಂಗತಿ. ಪಪ್ಪ ಅದನ್ನು ಸೊಗಸಾಗಿ ಹೇಳುತ್ತಾರೆ. ಕೋರಿ ರೊಟ್ಟಿ ಬಡಿಸುವಾಗ ಶುರು ಮಾಡಿದರೆ ಎರಡನೇ ಸಲ ಸಾರು ಹಾಕಿಸಿಕೊಳ್ಳುವಷ್ಟರಲ್ಲಿ ಮುಗಿಸಿರುತ್ತಾರೆ.

“ಉಳಿದವರ ಗುಂಡು ಕೋವಿಯಿಂದ ಹಾರಿತು, ಇವಳದ್ದು ಬಾಯಿಂದಲೇ ಹಾರಿತು ಮಾರಾಯ್ರೆ! ಕಲಿಸುವವರ ಹತ್ರವೇ ಅರ್ಧ ಗಂಟೆ ವಾದ. ಡಿಬೇಟ್ ಅಲ್ವಾ, ಬಿಡ್ತಾಳಾ?”

ಎಲ್ಲರೂ ನಗುತ್ತಾರೆ. ಯಾರಾದರೊಬ್ಬ ಅಂಕಲ್ ನನ್ನ ಕಡೆ ತಿರುಗಿ, “ಲಾಯರ್ ಆಗು ಮಗಾ, ಕೋವಿ ನಿನಗೆ ಆಗ್ಲಿಕ್ಕಿಲ್ಲ” ಎನ್ನುತ್ತಾರೆ. ನಾನು ರೊಟ್ಟಿ ಮುರಿಯುತ್ತೇನೆ.

ಎದುರು ಪಕ್ಷದವರು ಹೇಳಿದ್ದರಲ್ಲಿ ನಿಜವಿದ್ದಷ್ಟನ್ನು ಮೊದಲೇ ಒಪ್ಪಿಕೊಂಡುಬಿಡಬೇಕೆಂದು ಶಾಲೆಯ ಚರ್ಚಾಕೂಟದಲ್ಲಿ ಕಲಿತಿದ್ದೆ. ಆಮೇಲೆ ಉಳಿದದ್ದನ್ನು ಹೊಡೆಯುವುದು ಸುಲಭ. ಹಾಗಾಗಿ ಒಪ್ಪಿದೆ: ನಾನು ಫೇಲಾದದ್ದು ನಿಜ. ಅರ್ಧ ಗಂಟೆ ವಾದಿಸಿದ್ದೂ ನಿಜ. ವಾದಿಸಿದ್ದರಿಂದ ಫೇಲಾದೆ ಎಂಬುದು ಸುಳ್ಳು. ಆ ಸುಳ್ಳನ್ನು ಹೇಳುತ್ತಿರುವವರು ಅಲ್ಲಿ ನನ್ನಿಂದ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದವರು.

ನನಗಾಗ ಹದಿನಾರು. ಪಪ್ಪನ ಕಂಪನಿಯ ಜನರಲ್ ಮ್ಯಾನೇಜರ್ ಕರಾವಳಿಯವರೇ, ಪಪ್ಪನೊಡನೆ ತುಳುವಿನಲ್ಲೇ ಮಾತಾಡುವವರು. ಹಾಗಿದ್ದೂ ಪಪ್ಪನ ಬಾಯಲ್ಲಿ ಅವರು ಯಾವಾಗಲೂ ‘ಸರ್’. ಆ ಸರ್‌ನ ಮಗನಿಗೆ ನನ್ನದೇ ವಯಸ್ಸು. ಚಳಿಗಾಲದಲ್ಲಿ ಮರುಭೂಮಿಯಲ್ಲಿ ಡೇರೆ ಹಾಕುವ ಗೆಳೆಯರನ್ನು ನೋಡಿ ಅವನಿಗೆ ಬೇಟೆಯ ಹುಚ್ಚು ಹತ್ತಿತ್ತು. ಊರಾಚೆಯ ಖಾಸಗಿ ಗುರಿಮೈದಾನವೊಂದರಲ್ಲಿ ಮೂರು ಶನಿವಾರಗಳ ತರಬೇತಿಗೆ ಸರ್ ಅವನನ್ನು ಸೇರಿಸಿದರು. ಒಂದು ದಿನ ಪಪ್ಪನಿಗೆ ಫೋನ್ ಬಂತು. ಸ್ಪೀಕರಿನಲ್ಲಿತ್ತು, ನಾವೆಲ್ಲ ಕೇಳಿಸಿಕೊಂಡೆವು.

“ನಿನ್ನ ಮಗಳನ್ನೂ ಕಳಿಸು ಮಾರಾಯ. ಅವಳು ಹುಷಾರಿ, ಥಿಯರಿ ಎಲ್ಲ ಇವನಿಗೆ ಹೇಳಿಕೊಡ್ತಾಳೆ. ಶನಿವಾರ ನೀನು ಹೇಗೂ ಫ್ರೀ ಅಲ್ವಾ? ಇಬ್ಬರನ್ನೂ ಕರ್ಕೊಂಡು ಹೋಗು.”

ಒಂದೇ ಫೋನಿಗೆ ನನಗೆ ಟ್ಯೂಷನ್ ಟೀಚರ್ ಕೆಲಸವೂ ಪಪ್ಪನಿಗೆ ಡ್ರೈವರ್ ಕೆಲಸವೂ ಸಿಕ್ಕಿತು.

“ಹುಡುಗಿಗೆ ಕೋವಿ ಎಂತಕ್ಕೆ?” ಎಂದು ಅಮ್ಮ ಕೇಳಿದರು. “ಇಲ್ಲಿ ಹೊಡೀಲಿಕ್ಕೆ ಎಂತ ಉಂಟು, ಪಾರಿವಾಳವಾ?”

“ಸರ್ ಹೇಳಿದ್ದಾರೆ” ಎಂದರು ಪಪ್ಪ.

ಆ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಆ ಮಾತಿನ ಮುಂದೆ ಮಾತಿರಲಿಲ್ಲ. ಪಪ್ಪನ ಪ್ರಾಜೆಕ್ಟ್ ಮುಗಿಯುತ್ತ ಬಂದಿತ್ತು. ಯಾರು ಹೊಸ ಸೈಟಿಗೆ, ಯಾರು ಊರಿಗೆ ಎಂಬ ಪಟ್ಟಿ ಸರ್ ಕೈಯಲ್ಲಿತ್ತು. ಅಮ್ಮ, ತಮ್ಮ, ನಾನು, ಮೂವರ ವೀಸಾವೂ ಪಪ್ಪನ ಕೆಲಸಕ್ಕೆ ಅಂಟಿಕೊಂಡದ್ದು. ಮುಂದಿನ ವರ್ಷ ನನ್ನ ಹನ್ನೆರಡನೇ ತರಗತಿಯ ಪರೀಕ್ಷೆ. ಪಟ್ಟಿಯಲ್ಲಿ ಪಪ್ಪನ ಹೆಸರಿಲ್ಲದಿದ್ದರೆ ನಾವು ಅರ್ಧಕ್ಕೇ ಗಂಟುಮೂಟೆ ಕಟ್ಟಬೇಕಿತ್ತು.

ಪಪ್ಪನ ಕೆಲಸ ಯಾವುದೆಂದು ಹೇಳಲೇಬೇಕು. ಅವರು ಸೇಫ್ಟಿ ಆಫೀಸರ್. ಹೆಲ್ಮೆಟ್ಟಿನ ಪಟ್ಟಿ ಗಲ್ಲಕ್ಕೆ ಸಿಕ್ಕಿಸದವನನ್ನು ಏಣಿಯಿಂದ ಇಳಿಸುವವರು, ಒಮ್ಮೆ ಗಾಳಿ ಜೋರಾಯಿತೆಂದು ಕ್ರೇನನ್ನೇ ನಿಲ್ಲಿಸಿದವರು. ದಿನಾ ಬೆಳಗ್ಗೆ ಕೆಲಸ ಶುರುವಾಗುವ ಮೊದಲು ಕಾರ್ಮಿಕರನ್ನು ಸಾಲಾಗಿ ನಿಲ್ಲಿಸಿ ಹಿಂದಿಯಲ್ಲಿ ಭಾಷಣ. ಎಲ್ಲರ ಜೇಬಿನಲ್ಲೂ ಒಂದು ಹಳದಿ ಕಾರ್ಡು. ಅಪಾಯ ಕಂಡರೆ ಅದನ್ನು ಎತ್ತಿ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು, ಎದುರಿಗಿರುವವನು ಮೇಸ್ತ್ರಿಯಾಗಿರಲಿ, ಮ್ಯಾನೇಜರೇ ಆಗಿರಲಿ. ಆ ಭಾಷಣವನ್ನು ಅವರು ಮನೆಯಲ್ಲೇ ಅಭ್ಯಾಸ ಮಾಡುತ್ತಿದ್ದರು. ಎಲ್ಲಿ ದನಿ ಏರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತಿದ್ದುತ್ತಿದ್ದವಳು ನಾನು. ಮನೆಯಲ್ಲೂ ಬಿಡುವವರಲ್ಲ. ಟ್ಯೂಬ್‌ಲೈಟ್ ಬದಲಿಸಲು ಸ್ಟೂಲ್ ಹತ್ತಿದರೆ ಕೆಳಗೆ ಒಬ್ಬರು ಹಿಡಿದು ನಿಲ್ಲಲೇಬೇಕು. ಕುಕ್ಕರಿನ ಗ್ಯಾಸ್ಕೆಟ್ಟಿಗೂ ತಪಾಸಣೆಯ ತಾರೀಕು ಬರೆದಿಡುತ್ತಿದ್ದರು.

ಇನ್ನು ತರಬೇತಿ. ಪಾಠದ ಚಿತ್ರಗಳು ಯಾವುದೋ ಹಿಮ ಬೀಳುವ ದೇಶದಿಂದ ಬಂದಿದ್ದವು. ಮರದ ಮೇಲೆ ಕೂತು ಜಿಂಕೆಗೆ ಕಾಯುವಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ. ಹೆಪ್ಪುಗಟ್ಟಿದ ಕೆರೆಯ ಮೇಲೆ ಒಬ್ಬರೇ ನಡೆಯಬೇಡಿ. ಹಿಮದಲ್ಲಿ ದಾರಿ ತಪ್ಪಿದರೆ ಬೆಂಕಿ ಹಾಕಿ ಕೂತಿರಿ. ನಾವು ಹನ್ನೊಂದು ಮಕ್ಕಳು, ಹೊರಗೆ ಕಣ್ಣು ಹಾಯುವಷ್ಟೂ ಮರಳು, ಒಳಗೆ ಏಸಿಗೆ ಹಲ್ಲು ಕಟಕಟ. ಆ ಕೋಣೆಯಲ್ಲಿ ಹಿಮದ ಪಾಠಕ್ಕೆ ಸ್ವಲ್ಪ ಅರ್ಥವಿತ್ತೆಂದರೆ ಆ ಏಸಿಯಿಂದ. ಇಲ್ಲಿ ಹತ್ತಲು ಮರ ಎಲ್ಲಿದೆ ಎಂದು ಕೇಳಿದೆ. ಕಲಿಸುವವರು ಕೀನ್ಯಾದ ನಿವೃತ್ತ ಸೈನಿಕರು, ನಗುವುದರಲ್ಲಿ ಬಹಳ ಮಿತವ್ಯಯಿ. “ಪರೀಕ್ಷೆಯಲ್ಲಿದೆ” ಎಂದಷ್ಟೇ ಹೇಳಿದರು.

ಸರ್‌ನ ಮಗನಿಗೆ ನಾನು ಕಾರಿನ ಹಿಂದಿನ ಸೀಟಿನಲ್ಲಿ ಪಾಠ ಹೇಳುತ್ತಿದ್ದೆ.

“ಕೋವಿಯ ಬಾಯಿ ಎತ್ತ ಕಡೆ ಇರ್ಬೇಕು?”

“ಫ್ರಂಟ್.”

“ಗುಂಡು ಹಾರದಿದ್ರೆ?”

“ಇನ್ನೊಂದು ಸಲ ಒತ್ತೋದು.”

“ಅಲ್ಲ. ಹಾಗೇ ಗುರಿಯ ಕಡೆ ಹಿಡ್ಕೊಂಡು ಕಾಯ್ಬೇಕು. ತಡವಾಗಿ ಸಿಡಿಯಬಹುದು. ತಿರುಗಲೇಬಾರದು.”

“ಚಿಲ್, ಟೀಚರಮ್ಮ. ಅಂಕಲ್, ಇವಳು ಮನೇಲೂ ಹೀಗೇನಾ?”

“ಇನ್ನೂ ಜೋರು!” ಎಂದು ಪಪ್ಪ ನಕ್ಕರು.

ಮೂರನೇ ಶನಿವಾರ ಪರೀಕ್ಷೆ. ಮೂವರು ಮೂವರಾಗಿ ಸಾಲಿನಲ್ಲಿ ನಿಂತು ಎದುರಿನ ಕಾಗದದ ಗುರಿಗೆ ಹೊಡೆಯಬೇಕು. ನನ್ನ ಎಡಕ್ಕೆ ಅವನು, ಬಲಕ್ಕೆ ಇನ್ನೊಬ್ಬಳು ಹುಡುಗಿ. ಹಗ್ಗದ ಹಿಂದೆ ಮನೆಯವರು. ಅವನು ತನ್ನ ಫೋನನ್ನು ಪಪ್ಪನ ಕೈಗಿಟ್ಟು, “ಅಂಕಲ್, ವಿಡಿಯೋ ಮಾಡಿ, ಫುಲ್” ಎಂದಿದ್ದ. ಸಾಲಿಗೆ ಒಂದೇ ದೊಡ್ಡ ನಿಯಮ: ಯಾರಿಗೆ ಅಪಾಯ ಕಂಡರೂ ‘ಸೀಸ್ ಫೈರ್’ ಎಂದು ಕೂಗಬೇಕು, ತಕ್ಷಣ ಎಲ್ಲರೂ ನಿಲ್ಲಿಸಬೇಕು.

ಬಲಗಡೆಯ ಹುಡುಗಿಯ ಕೋವಿಯಲ್ಲಿ ತೋಟೆ ಸಿಕ್ಕಿಹಾಕಿಕೊಂಡಿತು. ಕಲಿಸುವವರು ಅವಳ ಕೋವಿಯ ಮೇಲೆ ಬಗ್ಗಿದ್ದರು. ಆಗ ನನ್ನ ಎಡಗಡೆ ಟಕ್ ಎಂದಿತು. ಗುಂಡು ಸಿಡಿದ ಸದ್ದಿಲ್ಲ, ಹೊಗೆಯಿಲ್ಲ. ಅವನು “ವಾಟ್ ದಿಸ್, ಅಂಕಲ್, ವರ್ಕ್ ಆಗ್ತಿಲ್ಲ” ಎನ್ನುತ್ತ ಕೋವಿಯ ಸಮೇತ ತಿರುಗಿದ. ಬೆರಳು ಟ್ರಿಗರಿನ ಮೇಲೇ ಇತ್ತು. ಕೋವಿಯ ಬಾಯಿ ನನ್ನ ಹೊಟ್ಟೆಯನ್ನು ದಾಟಿ ಹಿಂದಕ್ಕೆ, ಫೋನ್ ಹಿಡಿದು ನಿಂತಿದ್ದ ಪಪ್ಪನ ಎದೆಯವರೆಗೆ ಹೋಯಿತು.

ನಾನು ಕಾದೆ. ಇದನ್ನು ಹೇಳಲು ನನಗೆ ನಾಚಿಕೆ. ಒಂದು ಕ್ಷಣ ಪಪ್ಪ ಕೂಗುತ್ತಾರೆಂದು ಕಾದೆ. ಸೇಫ್ಟಿ ಆಫೀಸರ್ ಇದ್ದಾರಲ್ಲ, ಕ್ರೇನ್ ನಿಲ್ಲಿಸಿದವರು. ಪಪ್ಪ ಫೋನನ್ನು ಇನ್ನಷ್ಟು ನೆಟ್ಟಗೆ ಹಿಡಿದುಕೊಂಡರು.

ಆಮೇಲೆ ನಾನೇ ಕೂಗಿದೆ. ಕೂಗಿ, ನನ್ನ ಕೋವಿಯನ್ನು ಮೇಜಿನ ಮೇಲಿಟ್ಟು ಪಪ್ಪನ ಕಡೆ ಓಡಿದೆ. ಹುಡುಗ ಬೆಚ್ಚಿ ಗುರಿಯ ಕಡೆ ತಿರುಗಿಬಿಟ್ಟಿದ್ದ. ಕಲಿಸುವವರು ತಲೆಯೆತ್ತುವಷ್ಟರಲ್ಲಿ ಅವನಷ್ಟು ಶಿಸ್ತಿನ ಬೇಟೆಗಾರ ಆ ಮರುಭೂಮಿಯಲ್ಲೇ ಇರಲಿಲ್ಲ. ಪಪ್ಪನ ಕೈಯಲ್ಲಿದ್ದ ಫೋನಿನ ಪರದೆಯಲ್ಲಿ ರೆಕಾರ್ಡಿಂಗಿನ ಕೆಂಪು ಅಂಕಿಗಳು ಇನ್ನೂ ಓಡುತ್ತಿದ್ದವು.

ಕಲಿಸುವವರು ಅವನ ಕೋವಿ ತೆರೆದು ತೋಟೆ ಹೊರತೆಗೆದರು. ಹಿಂಬದಿಯಲ್ಲಿ ಕೋವಿಯೊಳಗಿನ ಮೊಳೆ ಕುಟ್ಟಿದ ಗುಳಿ ಬಿದ್ದಿತ್ತು; ಟ್ರಿಗರ್ ಒತ್ತಿಯೂ ಅದು ಸಿಡಿದಿರಲಿಲ್ಲ. ಮೊದಲು ಅವನನ್ನು ಕೇಳಿದರು. ತಿರುಗಲಿಲ್ಲ ಎಂದ. ಆಮೇಲೆ ಪಪ್ಪನನ್ನು ಕೇಳಿದರು: “ನೀವು ನೇರ ಹಿಂದೆ ಇದ್ದಿರಿ. ಏನು ನೋಡಿದಿರಿ?”

“ನಥಿಂಗ್ ಸರ್” ಎಂದರು ಪಪ್ಪ. ಆಮೇಲೆ ಮುಖದ ತುಂಬ ನಗು ತಂದುಕೊಂಡು, “ಮೈ ಡಾಟರ್, ಡಿಬೇಟ್ ಗರ್ಲ್ ಸರ್. ಲಿಟಲ್ ನರ್ವಸ್” ಎಂದು ಸೇರಿಸಿದರು.

ವಾದ ಶುರುವಾದದ್ದು ಆಗ. ನಿಂತ ಜಾಗ, ತಿರುಗಿದ ಕೋನ, ತೋಟೆಯ ಗುಳಿ, ಎಲ್ಲವನ್ನೂ ಮುಂದಿಟ್ಟೆ. ಕಲಿಸುವವರು ತಾಳ್ಮೆಯಿಂದ ಕೇಳಿ, “ನೀನು ಹೇಳುವುದು ನಿಜವಿರಬಹುದು. ನಾನು ಕಂಡದ್ದಕ್ಕೆ ಮಾತ್ರ ಅಂಕ ಹಾಕುತ್ತೇನೆ. ಕಂಡದ್ದು ಇದು” ಎಂದು ಮೇಜಿನ ಮೇಲಿದ್ದ ನನ್ನ ಕೋವಿ ತೋರಿಸಿದರು. ತೋಟೆ ಒಳಗೇ ಇತ್ತು, ಕೋವಿ ಮುಚ್ಚಿಯೇ ಇತ್ತು. ಅದನ್ನು ತೆರೆದು ಖಾಲಿ ಮಾಡದೆ ಬಿಟ್ಟು ಓಡಿದ್ದೆ. ಆ ತಪ್ಪಿಗೆ ಫೇಲ್. ನ್ಯಾಯವೇ, ಅದನ್ನು ನಾನು ಅಲ್ಲಿಯೇ ಒಪ್ಪಿಕೊಂಡೆ.

ಮರಳುವಾಗ ಹುಡುಗ ಫೋನ್ ತಡಕಾಡಿದ. “ಅಂಕಲ್, ವಿಡಿಯೋನೇ ಇಲ್ಲ ಇದ್ರಲ್ಲಿ.”

“ಹೌದಾ? ಒತ್ಲಿಕ್ಕೆ ಮರ್ತೇ ಹೋಯ್ತು ಕಾಣ್ತದೆ. ಸಾರಿ ಮಗಾ.”

ನಾನು ಕನ್ನಡಿಯಲ್ಲಿ ಪಪ್ಪನ ಕಣ್ಣು ಹುಡುಕಿದೆ. ಅವು ರಸ್ತೆಯ ಮೇಲಿದ್ದವು, ಎರಡೂ ಕೈ ಸ್ಟಿಯರಿಂಗಿನ ಮೇಲೆ, ವೇಗ ಮಿತಿಯೊಳಗೆ.

ತಿಂಗಳ ಕೊನೆಗೆ ಪಟ್ಟಿ ಬಂತು, ಪಪ್ಪನ ಹೆಸರಿತ್ತು. ಹುಡುಗನ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಸರ್ ಆಫೀಸಿನ ಗೋಡೆಗೆ ತೂಗುಹಾಕಿದರು. ನಾನು ಇಲ್ಲಿಯೇ ಹನ್ನೆರಡನೇ ತರಗತಿ ಮುಗಿಸಿದೆ. ಬೇಕಾದರೆ ಪಪ್ಪನ ಪರವಾಗಿಯೂ ನಾನು ಚರ್ಚಾಕೂಟದಲ್ಲಿ ಕೊಡುವ ಏಳು ನಿಮಿಷ ಮಾತಾಡಬಲ್ಲೆ: ಹುಡುಗನನ್ನು ಫೇಲ್ ಮಾಡಿಸಿ ಏನು ಸಿಗುತ್ತಿತ್ತು, ಗುಂಡಂತೂ ಹಾರಲಿಲ್ಲವಲ್ಲ, ನನ್ನ ಶಾಲೆ ಉಳಿಯಿತಲ್ಲ. ಆ ಪಕ್ಷ ಗೆಲ್ಲಲೂಬಹುದು. ಆದರೆ ಸುಮ್ಮನಿದ್ದು ಉಳಿಸಿಕೊಂಡದ್ದನ್ನು ಸುಮ್ಮನಿದ್ದೇ ಅನುಭವಿಸಬಹುದಿತ್ತು. ನನ್ನನ್ನು ಕೋರಿ ರೊಟ್ಟಿಯ ಜೊತೆಗೆ ಬಡಿಸುವ ಅಗತ್ಯವೇನಿತ್ತು?

ಕಳೆದ ಶುಕ್ರವಾರ ಕಥೆ ಮತ್ತೊಮ್ಮೆ ಆಯಿತು. ಈ ಸಲ ಅದರಲ್ಲಿ ನಾನು ಕಲಿಸುವವರ ಕಡೆ ಬೆರಳು ತೋರಿಸಿ ಕಿರುಚಿದೆನಂತೆ. ಮೂರೂವರೆಗೆ ಅತಿಥಿಗಳು ಹೊರಟರು. ಅಮ್ಮ ಅವರನ್ನು ಲಿಫ್ಟಿನವರೆಗೆ ಬಿಡಲು ಹೋದರು. ಪಪ್ಪ ಸೋಫಾದಲ್ಲಿ ಕಾಲು ಚಾಚಿ ಹಲ್ಲುಕಡ್ಡಿ ಹುಡುಕುತ್ತಿದ್ದರು. ನಾನು ಡಬ್ಬಿ ತಂದು ಅವರ ಮುಂದಿಟ್ಟು ಅಲ್ಲೇ ನಿಂತೆ.

“ಪಪ್ಪ, ಆ ವಿಡಿಯೋ ಅಳಿಸುವ ಮೊದಲು ಒಂದು ಸಲವಾದ್ರೂ ಪೂರ್ತಿ ನೋಡಿದ್ರಾ?”