ಎಂಜಿನ್ನಿನ ಮೂಗು

ನನ್ನ ಮೇಜಿನ ಡ್ರಾಯರಿನಲ್ಲಿ ಅಡಿಕೆಯ ಗಾತ್ರದ ಒಂದು ಹಿತ್ತಾಳೆ ತುಂಡಿದೆ. ಮೂಗಿಗೆ ಹಿಡಿದರೆ ಮೊದಲು ಹಳೆಯ ಲೋಹದ ವಾಸನೆ, ಅದರ ಹಿಂದೆಯೇ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗೆ ಸುಟ್ಟ ಗಂಧದ ವಾಸನೆ. ಇಷ್ಟು ವರ್ಷದ ಮೇಲೆ ಗಂಧ ಎಲ್ಲಿ ಉಳಿದೀತು ಎಂದು ನನ್ನ ಗಂಡ ನಗುತ್ತಾರೆ. ಅವರಿಗೇನು ಗೊತ್ತು. ಆ ವಾಸನೆ ಬಂದ ಕೂಡಲೇ ಮೂಡಿಗೆರೆ ಹತ್ತಿರದ ನಮ್ಮ ಎಸ್ಟೇಟಿನ ಬಂಗಲೆ, ಅದರ ಹಿಂದಿನ ತಗಡಿನ ಶೆಡ್ಡು, ಶೆಡ್ಡಿನ ಕಿಟಕಿಯ ಬೆಳಕಿಗೆ ಬಾಗಿ ಅರ ಉಜ್ಜುತ್ತಿದ್ದ ನಾಗೇಶ ಚಿಕ್ಕಪ್ಪ, ಎಲ್ಲ ಒಟ್ಟಿಗೇ ಬರುತ್ತವೆ. ಕರೆಯದಿದ್ದರೂ ನಮ್ಮ ಮನೆಯ ದೊಡ್ಡ ಮನುಷ್ಯರೂ ಬಂದು ಕೂರುತ್ತಾರೆ. ನಿಮ್ಮ ಮನೆಯಲ್ಲೂ ಅಂಥವರು ಇದ್ದೇ ಇರುತ್ತಾರೆ, ಹಾಗಾಗಿ ಹೆಚ್ಚು ವಿವರಿಸಬೇಕಾಗಿಲ್ಲ.

ತೊಂಬತ್ತರ ದಶಕದ ನಡುವೆ ಕಾಫಿಗೆ ಕಂಡು ಕೇಳರಿಯದ ಬೆಲೆ ಬಂತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮ ದೊಡ್ಡಪ್ಪ ಹಾಡಹಗಲಿನಲ್ಲೇ ಹಿಡಿದರು. ಬಂಗಲೆಯ ಮುಂದೆ ಎರಡು ಹೊಸ ಕಾರು ನಿಂತವು, ಓಡಿಸಲು ಬರುತ್ತಿದ್ದದ್ದು ಒಬ್ಬರಿಗೆ. ಹಾಲಿಗೆ ಒಂದು ಪಿಯಾನೋ ಬಂತು, ಅದರ ಮೇಲೆ ದೊಡ್ಡಮ್ಮ ಹಪ್ಪಳದ ಡಬ್ಬಿ ಇಡುತ್ತಿದ್ದರು. ನನ್ನ ಅಪ್ಪ ನಡುವಿನವರು; ಅಣ್ಣ ನಕ್ಕಾಗ ನಗುವುದನ್ನು ಬಿಟ್ಟರೆ ಅವರು ಬೇರೆ ಏನಾದರೂ ಕೆಲಸ ಮಾಡಿದ್ದು ನನಗೆ ನೆನಪಿಲ್ಲ. ಚಿಕ್ಕಪ್ಪ ಕೊನೆಯವರು. ಓದು ಹತ್ತಲಿಲ್ಲ, ಮದುವೆ ಆಗಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಔಷಧಿ ಹೊಡೆಯುವ ಪಂಪು, ಜೀಪು, ಏನು ಕೆಟ್ಟರೂ ರಿಪೇರಿಗೆ ಅವರೇ. ಸುತ್ತಲಿನ ಎಸ್ಟೇಟಿನವರು ಜೀಪು ಕಳಿಸಿ ಕರೆಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಮಾತ್ರ ಹಿತ್ತಲ ಗಿಡ ಮದ್ದಲ್ಲ. ನೆಂಟರ ಮುಂದೆ ದೊಡ್ಡಪ್ಪ ಅವರನ್ನು "ನಮ್ಮ ಫಿಟ್ಟರು" ಎಂದು ತೋರಿಸುತ್ತಿದ್ದರೇ ಹೊರತು ತಮ್ಮ ಎನ್ನುತ್ತಿರಲಿಲ್ಲ.

ಎಸ್ಟೇಟಿನ ಹಿಂದಿನ ಇಂಗ್ಲಿಷ್ ದೊರೆ ಬಂಗಲೆಯಲ್ಲೇ ಬಿಟ್ಟುಹೋದ ಪುಸ್ತಕಗಳಲ್ಲಿ ಒಂದರಲ್ಲಿ ರೈಲು ಎಂಬುದು ಹುಟ್ಟಿದ ಹೊಸತರ ಎಂಜಿನ್ನಿನ ಚಿತ್ರವಿತ್ತು. ನಾಲ್ಕು ಚಕ್ರದ ಮೇಲೆ ಮಲಗಿಸಿದ ಪೀಪಾಯಿ, ಮುಂದೆ ಉದ್ದನೆಯ ಹೊಗೆ ಕೊಳವೆ, ಪಕ್ಕದಲ್ಲಿ ಟೋಪಿ ಹಾಕಿ ನಿಂತ ಒಬ್ಬ ಮನುಷ್ಯ. ಚಿಕ್ಕಪ್ಪ ಅದನ್ನು ಕಟ್ಟಲು ಹೊರಟರು. ಗೊಂಬೆಯಲ್ಲ, ನಿಜವಾದ ಹಬೆಯಲ್ಲಿ ನಿಜವಾಗಿ ಓಡುವಂಥದ್ದು. ಅಳತೆ ಪುಸ್ತಕದಲ್ಲಿರಲಿಲ್ಲ. ಟೋಪಿಯವನು ನಮ್ಮ ದೊಡ್ಡಪ್ಪನಷ್ಟೇ ಎತ್ತರ ಎಂದಿಟ್ಟುಕೊಂಡು ದೊಡ್ಡಪ್ಪನನ್ನು ಗೋಡೆಗೆ ನಿಲ್ಲಿಸಿ ಟೇಪು ಹಿಡಿದರು. ಒಂದು ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಚಕ್ರ, ಪೀಪಾಯಿ, ಕೊಳವೆ ಎಲ್ಲವನ್ನೂ ಅದರಿಂದಲೇ ಇಳಿಸಿದರು. ದೊಡ್ಡಪ್ಪ ಆ ಎಂಜಿನ್ನಿಗೆ ಕೊಟ್ಟ ಒಂದೇ ಕೊಡುಗೆ ಅವರ ಎತ್ತರ. ಅದನ್ನೂ ಅವರು ಉಸಿರು ಬಿಗಿಹಿಡಿದು, ಹಿಮ್ಮಡಿ ಸ್ವಲ್ಪ ಎತ್ತಿ ಕೊಟ್ಟರು.

"ರೈಲೇ ಇಲ್ದಿರೋ ಊರಲ್ಲಿ ಎಂಜಿನ್ ಕಟ್ಟಿ ಯಾರನ್ನ ಹತ್ತಿಸ್ತೀಯ ಮಾರಾಯ?" ಎಂದು ಕೇಳಿ ತಾವೇ ನಕ್ಕರು. ಅಪ್ಪನೂ ನಕ್ಕರು.

"ಹತ್ತಕ್ಕಲ್ಲ ಅಣ್ಣ. ಅದು ತಾನೇ ಓಡ್ತದಾ ಅಂತ ನೋಡಕ್ಕೆ" ಎಂದರು ಚಿಕ್ಕಪ್ಪ.

ಹಳೆಯ ಪಲ್ಪರಿನ ಉರುಳೆಗೆ ಸುತ್ತಿದ್ದ ತಾಮ್ರದ ತಗಡು ಬಾಯ್ಲರ್ ಆಯಿತು. ಆ ತಗಡಿನ ಮೈತುಂಬ ಸಣ್ಣ ಸಣ್ಣ ಗುಬಟುಗಳಿರುತ್ತವೆ, ಹಣ್ಣು ಅದಕ್ಕೆ ಸಿಕ್ಕಿ ಸಿಪ್ಪೆ ಬಿಡುವುದು. ಒಂದೊಂದೇ ಗುಬಟನ್ನು ಮರದ ಕೊರಡಿನ ಮೇಲಿಟ್ಟು ಬಡಿದು ಚಪ್ಪಟೆ ಮಾಡಲು ಒಂದೂವರೆ ತಿಂಗಳು ಹಿಡಿಯಿತು; ಆ ಟಕಟಕ ನಮ್ಮ ಮಧ್ಯಾಹ್ನಗಳ ಸದ್ದಾಗಿತ್ತು. ಔಷಧಿ ಪಂಪಿನ ಹಿತ್ತಾಳೆ ನಳಿಕೆ ಸಿಲಿಂಡರ್ ಆಯಿತು. ಚಕ್ರಗಳನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಆಲ್ದೂರಿಗೆ ಹೋಗಿ ದುಂಡಗೆ ಕಡೆಯಲು ಲೇತಿಗೆ ಕೊಟ್ಟು ಬಂದರು. ಬಾಯ್ಲರಿನ ನೆತ್ತಿಯ ಮೇಲೆ ಕೂತದ್ದು ನನ್ನ ಡ್ರಾಯರಿನ ಈ ತುಂಡು: ಒಳಗೆ ಸೈಕಲ್ಲಿನ ಬೇರಿಂಗಿನ ಒಂದು ಗುಂಡು, ಬಾಲ್‌ಪೆನ್ನಿನ ಒಂದು ಸ್ಪ್ರಿಂಗು. "ಇದು ಅದರ ಮೂಗು ಪುಟ್ಟಿ. ಹಬೆ ಹೆಚ್ಚಾದ್ರೆ ಇಲ್ಲಿಂದ ಉಸಿರು ಬಿಡ್ತದೆ. ಮುಚ್ಚಿದ್ರೆ ಹೊಟ್ಟೆ ಒಡೀತದೆ" ಎಂದು ನನಗೆ ತೋರಿಸಿದ್ದರು. ನನಗಾಗ ಹತ್ತು ವರ್ಷ. ತಲೆಯಾಡಿಸಿ ಕೇಳಿಕೊಂಡೆ, ಆಮೇಲೆ ಹಾಲಿಗೆ ಹೋಗಿ ಅವರ ಮಾತನ್ನು ಅವರಂತೆಯೇ ಅಣಕಿಸಿ ಎಲ್ಲರನ್ನೂ ನಗಿಸಿದೆ. ಆ ಮನೆಯಲ್ಲಿ ಮುದ್ದಿನ ಮಗಳಾಗಲು ಅದೇ ಸುಲಭದ ದಾರಿ.

ಎಂಜಿನ್ ಮುಗಿದದ್ದು ಆಯುಧಪೂಜೆಗೆ ಎರಡು ವಾರ ಇರುವಾಗ. ಸೈಕಲ್ ಪಂಪಿನಿಂದ ಗಾಳಿ ಊದಿದರೆ ಚಕ್ರ ಸರಾಗವಾಗಿ ತಿರುಗುತ್ತಿತ್ತು. ಬೆಂಕಿ ಹಾಕಿ ನೋಡಲು ಮಾತ್ರ ದೊಡ್ಡಮ್ಮ ಬಿಡಲಿಲ್ಲ. ಹೊಸ ಯಂತ್ರವನ್ನು ಪೂಜೆ ಆಗದೆ ಚಾಲೂ ಮಾಡಬಾರದಂತೆ. ಪಿಯಾನೋಗೂ ಅವರು ನಿಂಬೆಹಣ್ಣು ಕಟ್ಟಿದವರು. ದೊಡ್ಡಪ್ಪನಿಗೆ ಇದರಲ್ಲೊಂದು ತಮಾಷೆ ಕಂಡಿತು. ಅಕ್ಕಪಕ್ಕದ ಪ್ಲಾಂಟರುಗಳನ್ನು ಹಬ್ಬಕ್ಕೆ ಕರೆದು, ಅವರ ಮುಂದೆಯೇ ಸಾರಿದರು: "ಇದು ಓಡಿದ್ರೆ ನಾವು ಕಟ್ಟಿಸ್ತಿರೋ ಹೊಸ ಪಲ್ಪರ್ ಮನೆ ಪೂರ್ತಿ ನಾಗೇಶನ ಜವಾಬ್ದಾರಿ. ಓಡದಿದ್ರೆ ಅವನು ಇನ್ನು ಒಂದು ನಟ್ಟನ್ನೂ ಮುಟ್ಟೋ ಹಾಗಿಲ್ಲ." ಪಲ್ಪರ್ ಮನೆಯೆಂದರೆ ಚಿಕ್ಕಪ್ಪನಿಗೆ ಜೀವ. ಅವರು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು.

ಯಂತ್ರಗಳಿಗೆ ಗಂಧ ಹಚ್ಚುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಬೆಳಿಗ್ಗೆಯಿಂದ ನಾನೇ ತೇಯ್ದ ಗಂಧವನ್ನು ಬಟ್ಟಲಲ್ಲಿ ಹಿಡಿದು ಪಲ್ಪರಿಗೆ, ಜೀಪಿಗೆ, ಕೋವಿಗೆ ಮೂರು ಮೂರು ಬೆರಳು ಎಳೆಯುತ್ತ ಬಂದೆ. ಕೊನೆಗೆ ಅಂಗಳದಲ್ಲಿ ಮರದ ಪಟ್ಟಿಯ ಹಳಿಯ ಮೇಲೆ ನಿಂತ ಎಂಜಿನ್. ಬಾಯ್ಲರಿಗೆ ಹಚ್ಚಿದೆ, ಕೊಳವೆಗೆ ಹಚ್ಚಿದೆ. ಹಿಂದೆ ನಿಂತಿದ್ದ ದೊಡ್ಡಪ್ಪನ ಮಕ್ಕಳು "ಮೂಗಿಗೂ ಹಚ್ಚೇ" ಎಂದು ಕಿಸಕ್ಕನೆ ನಕ್ಕರು. ನಾನು ಒಂದು ಬೆರಳು ತುಂಬ ಗಂಧ ತೆಗೆದು ಆ ಸಣ್ಣ ತೂತಿಗೆ ಒತ್ತಿದೆ. ಮುಚ್ಚಬಾರದು ಎಂದು ನನಗೆ ಗೊತ್ತಿತ್ತು. ಹತ್ತು ವರ್ಷದವಳು, ತಿಳಿಯದೆ ಮಾಡಿದಳು ಎಂದು ನೀವು ಹೇಳಲು ಹೊರಟರೆ ಬೇಡ. ಒಡೆಯುತ್ತದೆ ಎಂದು ನಂಬಿರಲಿಲ್ಲ, ಅಷ್ಟೆ. ಫಿಟ್ಟರು ಹೇಳಿದ್ದನ್ನು ಆ ಮನೆಯಲ್ಲಿ ಯಾರು ನಂಬುತ್ತಿದ್ದರು?

ಮಂಗಳಾರತಿ ಆಯಿತು. ಚಿಕ್ಕಪ್ಪ ಮೈತುಂಬ ಹೂವು, ಕುಂಕುಮ ಮೆತ್ತಿದ ಎಂಜಿನ್ನಿನ ಹೊಟ್ಟೆಯಡಿ ಸ್ಪಿರಿಟ್ ದೀಪ ಹಚ್ಚಿದರು. ನೀರು ಗುಳುಗುಳು ಎನ್ನತೊಡಗಿತು. ಸ್ವಲ್ಪ ಹೊತ್ತಿಗೆ ಪಿಸ್ಟನ್ನು ಒಮ್ಮೆ ಹಿಂಜರಿದು, ಮುಂದೆ ಬಂದು, ಚಕ್ರ ತಿರುಗಿತು. ಎಂಜಿನ್ ಹೊರಟಿತು. ತಾನೇ. ಯಾರೂ ನಗಲಿಲ್ಲ, ದೊಡ್ಡಪ್ಪನ ಬಾಯಿ ತೆರೆದೇ ಇತ್ತು. ಒಂದು ಮೊಳ ಓಡಿರಬಹುದು. ಆಮೇಲೆ ಚಟ್ ಎಂದು ಬೆಸುಗೆ ಬಿಟ್ಟು, ಕುದಿನೀರು ಚಿಕ್ಕಪ್ಪನ ಬಲಗೈ ಮೇಲೆ ಹಾರಿ, ಎಂಜಿನ್ ಪಕ್ಕಕ್ಕೆ ಉರುಳಿತು. ನಗು ಆಗ ಬಂತು. ಕೈ ಸುಟ್ಟವನ ಮುಂದೆ ಅಷ್ಟು ಜನ ಅಷ್ಟು ಹೊತ್ತು ನಗಬಲ್ಲರು ಎಂಬುದನ್ನು ನಾನು ಅವತ್ತೇ ಕಲಿತದ್ದು. ಚಿಕ್ಕಪ್ಪ ಎಡಗೈಯಲ್ಲಿ ಎಂಜಿನ್ ಎತ್ತಿ, ನೆತ್ತಿಯ ಮೂಗಿನ ಕಡೆ ಒಮ್ಮೆ ನೋಡಿ, ಅದನ್ನು ಸುಟ್ಟ ಕೈಯಿಂದಲೇ ಮುಚ್ಚಿಕೊಂಡರು. "ಬೆಸುಗೆ ಸರಿ ಕೂತಿರ್ಲಿಲ್ಲ ಅಣ್ಣ" ಎಂದರು. ಬೆಸುಗೆ ಹಾಕಲು ಬಾರದ ಫಿಟ್ಟರ್ ಎಂಬ ಮಾತು ಆ ಪ್ಲಾಂಟರುಗಳ ಜೊತೆಗೇ ಎಲ್ಲ ಎಸ್ಟೇಟುಗಳಿಗೂ ಹೋಯಿತು. ಜೀಪುಗಳು ಬರುವುದು ನಿಂತಿತು. ಹೊಸ ಪಲ್ಪರ್ ಮನೆಗೆ ಚಿಕ್ಕಮಗಳೂರಿನಿಂದ ಬೇರೆಯವರು ಬಂದರು. ವರ್ಷ ತುಂಬುವ ಮೊದಲೇ ಚಿಕ್ಕಪ್ಪ ಸಂಸೆಗೆ ಹೋಗಿ, ಒಂದು ಬಾಡಿಗೆ ಕೋಣೆಯಲ್ಲಿ ನೀರಿನ ಪಂಪು ರಿಪೇರಿ ಮಾಡಿಕೊಂಡು ಉಳಿದರು. ಅಲ್ಲೇ ತೀರಿಕೊಂಡರು. ಕೋಣೆಯ ಯಜಮಾನರು ಒಂದು ಬಿಸ್ಕತ್ತಿನ ಡಬ್ಬಿ ಕಳಿಸಿದರು. ಮೇಲೆ ನನ್ನ ಹೆಸರು, ಒಳಗೆ ಬಟ್ಟೆ ಸುತ್ತಿದ ಈ ಮೂಗು.

ಬಂಗಲೆ ಈಗ ಹೋಮ್‌ಸ್ಟೇ. ಕಾಫಿ ಬೆಲೆ ಇಳಿದ ಮೇಲೆ ದೊಡ್ಡಪ್ಪನ ಮಗ ಪ್ರಮೋದ ಕೋಣೆಗಳಿಗೆಲ್ಲ ಹಕ್ಕಿಗಳ ಹೆಸರಿಟ್ಟ. ಡಬ್ಬಿ ಬಂದ ಮೇಲೆ ಒಮ್ಮೆ ಹೋಗಿದ್ದೆ. ಪಿಯಾನೋದ ಮೇಲೆ ಎಂಜಿನ್ ಇತ್ತು, ಒಡೆದ ಬದಿ ಗೋಡೆಗೆ ತಿರುಗಿಸಿ. ಇಂಗ್ಲಿಷ್ ದೊರೆ ನಮ್ಮ ಅಜ್ಜನಿಗೆ ಕೊಟ್ಟ ಉಡುಗೊರೆ ಎಂದು ಚೀಟಿ. ಮೂಗಿನ ಜಾಗದ ತೂತಿನಲ್ಲಿ ಒಂದು ಊದುಬತ್ತಿ ಉರಿಯುತ್ತಿತ್ತು.

"ಇದನ್ನ ಕಟ್ಟಿದ್ದು ಚಿಕ್ಕಪ್ಪ ಕಣೋ. ಒಡೆದದ್ದು ನಾನು" ಎಂದೆ.

"ಇರ್ಲಿ ಬಿಡಕ್ಕ. ಚಿಕ್ಕಪ್ಪ ಅಂತ ಬರೆದ್ರೆ ಯಾರು ಫೋಟೋ ತೆಗೀತಾರೆ?" ಎಂದು ಪ್ರಮೋದ ಅತಿಥಿಗಳ ಕಡೆ ಹೋದ.

ಊದುಬತ್ತಿ ಕಿತ್ತು, ಪರ್ಸಿನಿಂದ ಮೂಗು ತೆಗೆದು ತಿರುಗಿಸಿದೆ. ಮೂರೇ ಸುತ್ತಿನಲ್ಲಿ ಭದ್ರವಾಗಿ ಕೂತಿತು. ಸ್ವಲ್ಪ ಹೊತ್ತು ನೋಡಿದೆ. ಈ ಮನೆಗೆ ಪೂರ್ತಿ ಎಂಜಿನ್ ಕೊಡಲು ಮನಸ್ಸಾಗಲಿಲ್ಲ, ಬಿಚ್ಚಿಕೊಂಡು ಬಂದೆ. ಅವರನ್ನೆಲ್ಲ ಇಷ್ಟು ಹೀಗಳೆಯುವ ಹಕ್ಕು ನನಗೂ ಇಲ್ಲವೆಂದು ಗೊತ್ತು.

ಯಾಕೆಂದರೆ ಆ ಆಯುಧಪೂಜೆಯ ಸಂಜೆ ನಾನು ನಿಜ ಹೇಳಲೆಂದೇ ಶೆಡ್ಡಿಗೆ ಹೋಗಿದ್ದೆ. ಚಿಕ್ಕಪ್ಪ ಕೈಗೆ ಬಟ್ಟೆ ಸುತ್ತಿಕೊಂಡು, ಬಿಚ್ಚಿದ ಮೂಗನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದರು. ಒಳಗೆ ಸುಟ್ಟು ಗಟ್ಟಿಯಾದ ಗಂಧ ನನಗೂ ಕಾಣುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು, "ಗಂಧ ಚೆನ್ನಾಗಿ ತೇಯ್ದಿದೀಯ ಪುಟ್ಟಿ. ಒಂಚೂರೂ ತರಿ ಇಲ್ಲ" ಎಂದರು. ನಾನು ಹೊಗಳಿಸಿಕೊಂಡವಳಂತೆ ತಲೆಯಾಡಿಸಿ ಬಂಗಲೆಗೆ ಓಡಿದೆ. ಹಾಲಿನಲ್ಲಿ ಇನ್ನೂ ನಗುತ್ತಿದ್ದರು. ನಾನೂ ಹೋಗಿ ಅಪ್ಪನ ಪಕ್ಕ ಕೂತು ನಕ್ಕೆ.