ಅಂಚಿನಾಚೆ ಉಳಿದ ಮೂರು ಅಕ್ಷರ

ಧಾರವಾಡದ ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆಯಲ್ಲಿ ಮಂದಾಕಿನಿ ಹತ್ತೊಂಬತ್ತು ವರ್ಷ ಟೈಪಿಸ್ಟ್ ಆಗಿದ್ದಳು. ಅವಳು ಟೈಪು ಮಾಡಿದ ಕಾಗದವನ್ನು ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಎರಡೂ ಕಡೆ ಸಮನಾದ ಅಂಚು, ಎಲ್ಲೂ ಕಾಟು ಹೊಡೆದ ಗುರುತಿಲ್ಲ. ಸಾಲು ಮುಗಿಯುವ ಮೊದಲು ಯಂತ್ರದ ಗಂಟೆ ಟಣ್ ಎನ್ನುವಷ್ಟರಲ್ಲಿ ಶಬ್ದವನ್ನು ಎಲ್ಲಿ ಮುರಿಯಬೇಕೆಂದು ಅವಳ ಬೆರಳಿಗೆ ತಿಳಿದುಬಿಟ್ಟಿರುತ್ತಿತ್ತು. 2001ರ ಬೇಸಿಗೆಯಲ್ಲಿ ಆ ಯಂತ್ರವನ್ನು ಅಡಕಲು ಕೋಣೆಗೆ ಸಾಗಿಸಿ ಅದೇ ಮೇಜಿನ ಮೇಲೆ ಕಂಪ್ಯೂಟರ್ ತಂದಿಟ್ಟರು. ನಲವತ್ನಾಲ್ಕನೆಯ ವಯಸ್ಸಿಗೆ ಮಂದಾಕಿನಿ ಮತ್ತೆ ಅಆಇಈಗೆ ಬಂದು ನಿಂತಳು.

ಕಲಿಸಲು ಹುಬ್ಬಳ್ಳಿಯಿಂದ ವಾರಕ್ಕೆರಡು ಸಲ ಮೆಹಬೂಬ ಮಾಸ್ತರರು ಬರುತ್ತಿದ್ದರು. ಮೊದಲ ದಿನ ಅವಳು ರೋಗಿಯೊಬ್ಬನ ಹೆಸರು ಒತ್ತಿದರೆ ಪರದೆಯ ಮೇಲೆ ಯಾವುದೋ ದೇಶದ ಚಿತ್ರಲಿಪಿ ಮೂಡಿತು. ಮಾಸ್ತರರು ಇಡೀ ಕಾಲಮ್ಮನ್ನು ಆಯ್ದು ಕನ್ನಡದ ಫಾಂಟ್ ಕೊಟ್ಟರು. ಚಿತ್ರಗಳೆಲ್ಲ ಒಮ್ಮೆಲೆ ಅಕ್ಷರಗಳಾದವು.

"ಇವಕ್ಕ ಸೆಲ್ ಅಂತಾರ್ರೀ ಬಾಯಾರ. ಚೌಕಾಬಾರದ ಮನಿ ಇದ್ದಂಗ. ನಡುವಿನ ಗೆರಿ ಹಿಡದ ಎಳದ್ರ ಕಾಲಮ್ ಅಗಲ ಆಗತೈತಿ, ಒಳಗ ದಬ್ಬಿದ್ರ ಸಣ್ಣದಾಗತೈತಿ. ಅಷ್ಟ."

ಅವಳು ಲಗೂನೇ ಕಲಿತಳು. ತಲೆಬರಹಕ್ಕೆ ದಪ್ಪಕ್ಷರ, ಸುತ್ತ ಗೆರೆ, ಬಲಗಣ್ಣಿನವರಿಗೆ ತಿಳಿಹಳದಿ, ಎಡಗಣ್ಣಿನವರಿಗೆ ತಿಳಿನೀಲಿ ಬಣ್ಣ. ಮೇಜಿನ ಹತ್ತಿರ ಬಂದವರೆಲ್ಲ ನಿಂತು ನೋಡಿ ಹೋಗುತ್ತಿದ್ದರು.

ಆಗಸ್ಟಿನಲ್ಲಿ ಅಮರಗೋಳದ ಮಾರುಕಟ್ಟೆಯ ಹಮಾಲರಿಗಾಗಿ ಪೊರೆ ತೆಗೆಯುವ ಶಿಬಿರ ನಡೆಯಿತು. ಮೂವತ್ತೆಂಟು ಜನರಿಗೆ ಶಸ್ತ್ರಚಿಕಿತ್ಸೆ. ಹಿರಿಯ ವೈದ್ಯ ಏಕನಾಥರು ಕೈಬರಹದ ಚೀಟಿಗಳ ಕಟ್ಟು ಕೊಟ್ಟು, "ಮಂದಾಕಿನಿಬಾಯಿ, ಎಲ್ಲಾರ ಯಾದಿ ಒಂದ ಹಾಳಿಯೊಳಗ ಬರ್ಲಿ. ವಾರ್ಡಿನೊಳಗ ನಾಕು ಹಾಳಿ ಹುಡುಕ್ಕೋತ ಕೂಡ್ಲಿಕ್ಕೆ ಆಗೂದಿಲ್ಲ" ಎಂದರು.

ಹೆಸರು, ಊರು, ಯಾವ ಕಣ್ಣು, ಸೂಚನೆ, ಹಾಸಿಗೆ ನಂಬರು. ಇಷ್ಟೆಲ್ಲದರ ಪಟ್ಟಿ ಒಂದು ಹಾಳೆಯಲ್ಲಿ ಹಿಡಿಸಲಿಲ್ಲ. ಅವಳು ಗೆರೆಗಳನ್ನು ಒಂದೊಂದಾಗಿ ಒಳಗೆ ದಬ್ಬುತ್ತ ಹೋದಳು. ಕೊನೆಗೆ ಎಲ್ಲ ಒಂದೇ ಹಾಳೆಗೆ ಬಂತು. "ಛಲೋ ಆಗೇದ ನೋಡ್ರಿ" ಎಂದರು ಡಾಕ್ಟರು. ಆ ದಿನ ಮನೆಗೆ ನಡೆದು ಹೋಗುವಾಗ ಮಂದಾಕಿನಿಗೆ ತನ್ನ ಬೆರಳುಗಳು ಮತ್ತೆ ತನ್ನವಾದಂತೆ ಅನ್ನಿಸಿತು.

ಮೂರನೆಯ ದಿನ ಬೆಳಿಗ್ಗೆ ವಾರ್ಡಿನಲ್ಲಿ ಗದ್ದಲ. ಹದಿನೇಳನೆಯ ಹಾಸಿಗೆಯ ಹಮಾಲ ಹುಚ್ಚಪ್ಪನ ಕಣ್ಣು ಬಾತು, ರೆಪ್ಪೆ ತೆರೆಯಲಾಗದಷ್ಟು ಕೆಂಪಾಗಿತ್ತು. ಸಲ್ಫಾ ಔಷಧ ಅವನ ಮೈಗೆ ಆಗುತ್ತಿರಲಿಲ್ಲ. ಡಾಕ್ಟರು ಚೀಟಿಯಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿದ್ದರು. ಆದರೂ ನರ್ಸ್ ದುರ್ಗಾ ಅದೇ ಹನಿ ಹಾಕಿದ್ದಳು.

"ಯಾದ್ಯಾಗ ಹಾಕ ಅಂತ ಐತ್ರಿ ಸರ, ಅದಕ್ಕ ಹಾಕೇನಿ" ಎಂದಳು ದುರ್ಗಾ.

"ನಾನು ಬರೆದದ್ದು ನನಗ ಗೊತ್ತದ" ಎಂದು ಡಾಕ್ಟರು ಸಿಡುಕಿದರು. ಅವಳ ಕೈಯಲ್ಲಿದ್ದ ಹಾಳೆಯತ್ತ ನೋಡಲೇ ಇಲ್ಲ. ಆಡಳಿತದವರು ದುರ್ಗಾಳನ್ನು ಕೆಲಸದಿಂದ ನಿಲ್ಲಿಸಿ ಮನೆಗೆ ಕಳಿಸಿದರು. ಬಾಗಿಲು ದಾಟುವಾಗ ಅವಳು ಹಾಳೆಯನ್ನು ಮಂದಾಕಿನಿಯ ಮೇಜಿನ ಮೇಲಿಟ್ಟು ಹೋದಳು.

ಮಂದಾಕಿನಿ ಹದಿನೇಳನೆಯ ಸಾಲು ಹುಡುಕಿದಳು. 'ಸಲ್ಫಾ ಹನಿ ಹಾಕ' ಎಂದಿತ್ತು; ಇಲ್ಲಿಯವರು ಓದಿದರೆ 'ಹಾಕು' ಎಂದೇ ಅರ್ಥ. ಮುಂದೆ ಗೆರೆ, ಗೆರೆಯಾಚೆ ಹಾಸಿಗೆ ನಂಬರು. ಪರದೆಯ ಮೇಲೆ ಆ ಮನೆಯನ್ನು ಒತ್ತಿದಳು. ಮೇಲಿನ ಪಟ್ಟಿಯಲ್ಲಿ ಅವಳೇ ಬೆರಳಚ್ಚಿಸಿದ್ದ ಪೂರ್ತಿ ಮಾತು ಮೂಡಿತು: 'ಸಲ್ಫಾ ಹನಿ ಹಾಕಬಾರದು'.

'ಬಾರದು' ಅಳಿದಿರಲಿಲ್ಲ, ಒಳಗೇ ಇತ್ತು. ಕಾಲಮ್ಮು ಸಣ್ಣದಾಗಿ, ಪಕ್ಕದ ಮನೆಯಲ್ಲಿ ನಂಬರು ಕೂತಿದ್ದರಿಂದ ಅದಕ್ಕೆ ಹೊರಗೆ ಬರಲು ಜಾಗವಿರಲಿಲ್ಲ. ನಮ್ಮ ಮಾತಿನಲ್ಲಿ 'ಬೇಡ' ಎನ್ನುವುದು ಯಾವಾಗಲೂ ಕಟ್ಟಕಡೆಗೆ ಬರುತ್ತದೆ ಎಂದು ಹತ್ತೊಂಬತ್ತು ವರ್ಷಗಳಲ್ಲಿ ಅವಳು ಒಮ್ಮೆಯೂ ಯೋಚಿಸಿರಲಿಲ್ಲ.

ಬೇರೆ ಯಾರೂ ಇದನ್ನು ಕಂಡಿರಲಿಲ್ಲ. ಗೆರೆಯನ್ನು ಒಂದು ಬೆರಳಷ್ಟು ಎಳೆದರೆ ಎಲ್ಲ ಸರಿಯಾಗುತ್ತಿತ್ತು; ಹಳೆಯ ಹಾಳೆ ಅವಳ ಮೇಜಿನ ಮೇಲೆಯೇ ಇತ್ತು, ಹರಿದು ಹಾಕಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಗಳ ಕಾಲೇಜು, ತನ್ನ ಕೆಲಸ, ಈ ವಯಸ್ಸಿನಲ್ಲಿ ಇನ್ನೆಲ್ಲಿ ಹುಡುಕುವುದು ಎಂಬ ಅಂಜಿಕೆ, ಎಲ್ಲ ಬಂದು ಹೋದವು. ಆಮೇಲೆ ಚೀಟಿ, ಹಾಳೆ ಎರಡನ್ನೂ ತೆಗೆದುಕೊಂಡು ಡಾಕ್ಟರ ಕೋಣೆಗೆ ಹೋದಳು.

"ತಪ್ಪು ನಂದದರಿ. ಸಿಸ್ಟರದಲ್ಲ."

ಏಕನಾಥರು ಚೀಟಿಯನ್ನೂ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. "ಒಂದ ಹಾಳಿ ಅಂತ ಹಟ ಹಿಡಿದಾಂವ ನಾನು" ಎಂದರು. "ಆಕಿ ಹಾಳಿ ತೋರಿಸ್ಲಿಕ್ಕೆ ಬಂದ್ರ ನೋಡ್ಲಿಲ್ಲ. ಮೊದಲ ಆಕೀನ್ನ ಕರ್ಕೊಂಡ ಬರ್ರಿ."

ಗೋಪನಕೊಪ್ಪದಲ್ಲಿ ದುರ್ಗಾಳ ಮನೆ. ಮಂದಾಕಿನಿ ಬಸ್ಸಿಳಿದು ಕೇಳಿಕೊಂಡು ಹೋದಳು. ದುರ್ಗಾ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಏಳಲಿಲ್ಲ, ಒಳಗೆ ಬರ್ರಿ ಎನ್ನಲಿಲ್ಲ. ಮಂದಾಕಿನಿ ನಿಂತೇ ಎಲ್ಲ ಹೇಳಿದಳು.

"ನಮ್ಮ ಅತ್ತಿ ಮುಂದ ಏನ ಹೇಳ್ಲಿ ಅಂತ ಬೆಳಗ್ಗಿಂದ ಕುಂತೇನ್ರಿ" ಎಂದಳು ದುರ್ಗಾ. "ನೀವು ಈಗ ಹೇಳಿದ್ರಿ. ಆದ್ರ ನಾನು ಅಲ್ಲಿ ಎಲ್ಲಾರ ಮುಂದ ನಿಂತಾಗ ಯಾರೂ ಹಾಳಿ ನೋಡ್ಲಿಲ್ಲಲ್ರಿ."

ಮಂದಾಕಿನಿ ಕಟ್ಟೆಯ ತುದಿಯಲ್ಲಿ ಕೂತು ತಾನೂ ಒಂದು ಹಿಡಿ ಶೇಂಗಾ ತೆಗೆದುಕೊಂಡಳು. ಬುಟ್ಟಿ ಬರಿದಾಗುವವರೆಗೆ ಇಬ್ಬರೂ ಸುಲಿದರು. ಆಮೇಲೆ ದುರ್ಗಾ ಒಳಗೆ ಹೋಗಿ ಸೀರೆ ಬದಲಿಸಿ ಬಂದಳು.

ಹುಚ್ಚಪ್ಪನ ಬಾವು ಇಳಿಯಲು ಐದು ದಿನ ಹಿಡಿಯಿತು. ಕಣ್ಣು ಉಳಿಯಿತು. ಮಂದಾಕಿನಿ ಅವನ ಹಾಸಿಗೆಯ ಬಳಿ ಹೋಗಿ ನಡೆದದ್ದನ್ನು ತಾನೇ ಹೇಳಿದಳು. ಅವನು ಎಲ್ಲ ಕೇಳಿ, "ನನಗ ಓದಾಕ ಬರೂದಿಲ್ರಿ ಬಾಯಾರ. ಯಾರರ ಹೇಳದ ಹೊರತು ನನಗೇನ ತಿಳೀಬೇಕು?" ಎಂದ. ಅದು ಕ್ಷಮೆಯೋ ದೂರೋ ಅವಳಿಗೆ ಗೊತ್ತಾಗಲಿಲ್ಲ.

ಮುಂದಿನ ವಾರ ಮೆಹಬೂಬ ಮಾಸ್ತರರು ಬಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. ಅವರು ಸೂಚನೆಯ ಕಾಲಮ್ಮು ಆಯ್ದು, ಉದ್ದದ ಮಾತು ಸೆಲ್ಲಿನೊಳಗೇ ಕೆಳಗಿನ ಸಾಲಿಗೆ ಮಡಚಿಕೊಳ್ಳುವ ಏರ್ಪಾಡು ತೋರಿಸಿದರು. ಮನೆಗಳು ಎತ್ತರವಾದವು, ಯಾದಿ ಮೂರು ಹಾಳೆಯಾಯಿತು, ಡಾಕ್ಟರು ಅದನ್ನೇ ವಾರ್ಡಿಗೆ ಒಯ್ದರು.

ಅಂದಿನಿಂದ ಪ್ರತಿ ಶಿಬಿರದ ಮುನ್ನಾದಿನ ದುರ್ಗಾ ಮುದ್ರಿಸಿದ ಹಾಳೆ ಹಿಡಿದು ಮೇಜಿನ ಪಕ್ಕ ಕೂರುತ್ತಿದ್ದಳು, ಮಂದಾಕಿನಿ ಪರದೆ ನೋಡುತ್ತ ಕೂರುತ್ತಿದ್ದಳು. ಒಬ್ಬಳು ಓದಿದ್ದನ್ನು ಇನ್ನೊಬ್ಬಳು ಕೊನೆಯ ಅಕ್ಷರದವರೆಗೆ ತಾಳೆ ನೋಡಬೇಕು. ಮೊದಮೊದಲು ದುರ್ಗಾಳ ದನಿ ಬಿಗಿಯಾಗಿಯೇ ಇರುತ್ತಿತ್ತು. ಎರಡನೆಯ ವರ್ಷದ ಹೊತ್ತಿಗೆ ಅವಳು ಬರುವಾಗ ಇಬ್ಬರಿಗೂ ಚಹಾ ಹೇಳಿಯೇ ಬರುತ್ತಿದ್ದಳು.